‘ಕೊನೆಯದು’ ಎಂಬ ಆಜ್ಞೆ

ಒಂದು ಕಂಪ್ಯೂಟರ್ ಭಾಷೆಯಲ್ಲಿ ‘ಎಣಿಸು’, ‘ಕೊಡು’, ‘ಕೊನೆಯದು’ ಎಂಬ ಮೂರು ಆಜ್ಞೆಗಳಿದ್ದವು. ಒಂದು ದಿನ ‘ಎಣಿಸು’ ಗುಡುಗಿತು: “ಪಟ್ಟಿಯ ಕೊನೆಯ ಹೆಸರು ಬೇಕಾದರೆ ನಾನು ಎಣಿಸುತ್ತೇನೆ, ‘ಕೊಡು’ ತೆಗೆದುಕೊಡುತ್ತದೆ. ನಡುವೆ ನಿನಗೇನು ಕೆಲಸ?”

‘ಕೊನೆಯದು’ ಆ ಭಾಷೆಯನ್ನೇ ಬಿಟ್ಟು ಹೊರಟುಹೋಯಿತು.

ಮರುದಿನ ವಾಗ್ದೇವಿ ಎಂಬ ಹುಡುಗಿ ಆ ಭಾಷೆಯಲ್ಲಿ ಕಣ್ಣಿನ ಶಿಬಿರಕ್ಕೆ ಪ್ರೋಗ್ರಾಂ ಬರೆದಳು. ಕೊನೆಗೆ ಹೆಸರು ಬರೆಸಿದವರನ್ನು ಕರೆಯಬೇಕಿತ್ತು. ‘ಎಣಿಸು’ ನಲವತ್ತು ಎಂದಿತು. ಅವಳು ‘ಕೊಡು’ ಬಳಿ ನಲವತ್ತನೇ ಸ್ಥಾನದ ಹೆಸರನ್ನೇ ಕೇಳಿದಳು. ಆ ಭಾಷೆಯಲ್ಲಿ ಪಟ್ಟಿಯ ಸ್ಥಾನಗಳ ಸಂಖ್ಯೆ ಶುರುವಾಗುವುದು ಸೊನ್ನೆಯಿಂದ. ಕೊನೆಯ ಹೆಸರಿರುವುದು ಮೂವತ್ತೊಂಬತ್ತರಲ್ಲಿ. ಒಂದು ಕಳೆಯಲು ಅವಳು ಮರೆತಿದ್ದಳು. ‘ಕೊಡು’ ಬರಿಗೈ ಚಾಚಿತು. ಕೊನೆಗೆ ಹೆಸರು ಬರೆಸಿದ್ದ ಸಾವಂತ್ರಜ್ಜಿ ಸಂಜೆಯವರೆಗೂ ಬೆಂಚಿನ ಮೇಲೆ ಕೂತೇ ಇದ್ದರು. ಯಾರೂ ಕರೆಯಲಿಲ್ಲ.

‘ಎಣಿಸು’ ತಾನೇ ಓಡಿಹೋಗಿ ‘ಕೊನೆಯದ’ನ್ನು ಕರೆತಂದಿತು. ವಾಗ್ದೇವಿ ಆ ಒಂದೇ ಆಜ್ಞೆ ಬರೆದಳು. ಮೈಕಿನಲ್ಲಿ ಅಜ್ಜಿಯ ಹೆಸರು ಕೇಳಿಸಿತು. ಅಜ್ಜಿ ಕೋಲೂರಿ ಎದ್ದರು.

“ಇಷ್ಟು ದಿನ ಎಲ್ಲರ ಪರವಾಗಿ ಆ ಒಂದನ್ನು ಮರೆಯದೆ ಕಳೆಯುತ್ತಿದ್ದದ್ದು ನೀನು,” ಎಂದಿತು ‘ಎಣಿಸು’. “ನಿನ್ನ ಉಪಕಾರ ದೊಡ್ಡದು.”

‘ಕೊನೆಯದು’ ತಲೆಬಾಗಿತು: “ಉಪಕಾರ ನಿಮ್ಮಿಬ್ಬರದು, ಅಣ್ಣ. ನನ್ನನ್ನು ಬಿಚ್ಚಿ ನೋಡು. ಒಳಗೆ ದುಡಿಯುತ್ತಿರುವುದು ನೀನು ಮತ್ತು ‘ಕೊಡು’, ನೀವಿಬ್ಬರೇ.”