ಬಿಷಪ್ಪರ ಮುಖದ ಬೆಳ್ಳಿ

“ಗುರುಗಳೇ, ಭಕ್ತರು ಕೊಟ್ಟ ಬೆಳ್ಳಿ ಎರಡು ಸೇರಿನಷ್ಟಾಗಿದೆ. ಅದರಲ್ಲಿ ನಿಮ್ಮದೊಂದು ಮೂರ್ತಿ ಮಾಡಿಸಬೇಕೆಂದು ನಾವೆಲ್ಲ ನಿಶ್ಚಯಿಸಿದ್ದೇವೆ. ಉಪಕಾರ ಮಾಡಿದವರನ್ನು ಪೂಜಿಸುವುದರಲ್ಲಿ ತಪ್ಪೇನಿದೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ದೀಕ್ಷೆಗೆ ಮೊದಲು ಮೂವತ್ತು ವರ್ಷ ವ್ಯಾಪಾರ ಮಾಡಿದವರು. ಉತ್ತರವಾಗಿ ಒಂದು ಕತೆ ಹೇಳಿದರು.

ಬಹಳ ಹಿಂದೆ ಪಡುವಣ ದೇಶದ ಕಡಲ ದಂಡೆಯಲ್ಲಿ ಒಂದು ಪಟ್ಟಣವಿತ್ತು. ಅಲ್ಲಿ ಬೆಳ್ಳಿ ನಾಣ್ಯ ಹೊಡೆಯುವ ಹಕ್ಕು ಇಗರ್ಜಿಯದು. ಅರಸ ದೂರದಲ್ಲಿದ್ದ, ಟಂಕಸಾಲೆ ಇಗರ್ಜಿಯ ಹಿತ್ತಲಲ್ಲೇ ಇತ್ತು. ಊರಿನವರು ಮೀನು ಹಿಡಿದು, ಉಪ್ಪು ಹಾಕಿ ಒಣಗಿಸಿ, ಚಳಿಗಾಲವಿಡೀ ಅದನ್ನೇ ತಿಂದು ಬದುಕುವವರು. ಉಪ್ಪು ಹೊರಗಿನಿಂದ ಬರಬೇಕು. ಉಪ್ಪಿನ ವ್ಯಾಪಾರಿ ಬೆಳ್ಳಿಯಲ್ಲದೆ ಬೇರೇನನ್ನೂ ಮುಟ್ಟುವವನಲ್ಲ.

ಒಂದು ವರ್ಷ ಯುದ್ಧದ ದಂಡ ಕಟ್ಟಿ ಕಟ್ಟಿ ಊರಿನಲ್ಲಿ ನಾಣ್ಯವೇ ಇಲ್ಲವಾಯಿತು. ಅದೇ ವರ್ಷ ಬಲೆ ಎತ್ತಲಾಗದಷ್ಟು ಮೀನು ಬಿತ್ತು. ಇಗರ್ಜಿಯ ಬಿಷಪ್ಪರು ಊರು ಕಾಯುವ ಸಂತರ ಮುಂದೆ ಉರಿಯುತ್ತಿದ್ದ ದೊಡ್ಡ ಬೆಳ್ಳಿ ದೀಪವನ್ನು ಕರಗಿಸಲು ಹೇಳಿದರು. ದೀಪ ಸಂತರದು, ನಾಣ್ಯದ ಮೇಲೂ ಅವರ ಮುಖವೇ ಇರುವುದು ಮರ್ಯಾದೆ ಎಂದು ಹಾಗೆಯೇ ಒತ್ತಿಸಿದರು. ಒಡೆದ ಕಡಲಗೋಡೆ ಕಟ್ಟುವವರಿಗೆ ಅದನ್ನೇ ದಿನಗೂಲಿಯಾಗಿ ಹಂಚಿದರು.

ಜನ ಕೈಯೊಡ್ಡಿ ಪಡೆದರು. ಮುತ್ತಿಟ್ಟರು. ಮನೆಗೆ ಹೋಗಿ ಪೆಟ್ಟಿಗೆಯಲ್ಲಿ ಇಟ್ಟು ಮೇಣದ ಬತ್ತಿ ಹಚ್ಚಿದರು. ಸಂತೆಗೆ ಒಂದೇ ಒಂದು ನಾಣ್ಯ ಬರಲಿಲ್ಲ. ಉಪ್ಪಿನ ದೋಣಿ ಬಂದರಿನಲ್ಲಿ ಸುಮ್ಮನೆ ನಿಂತಿತ್ತು. ದಡದಲ್ಲಿ ಮೀನು ಕೊಳೆಯತೊಡಗಿತು.

ಬಿಷಪ್ಪರು ಜನರನ್ನು ಸೇರಿಸಿ, ಇದು ಖರ್ಚಿಗೆ ಕೊಟ್ಟದ್ದು, ಪೂಜೆಗಲ್ಲ ಎಂದು ಬಿಡಿಸಿ ಹೇಳಿದರು. ಮುಂದೆ ಕೂತಿದ್ದ ಮುದುಕಿಯೊಬ್ಬಳು ತಲೆಯಾಡಿಸಿದಳು. “ತಾವು ಹೇಳಿದ್ದು ಸರಿ ಸ್ವಾಮಿ. ಮೊದಲು ಪಕ್ಕದ ಮನೆಯವಳು ಖರ್ಚು ಮಾಡಲಿ.”

ಇಪ್ಪತ್ತು ವರ್ಷ ಉಪದೇಶ ಮಾಡಿ ಬೆಳೆಸಿದ ಭಕ್ತಿಯೇ ಈಗ ಅಡ್ಡ ನಿಂತಿತ್ತು. ಯಾರನ್ನು ಬೈಯುವುದೆಂದು ಬಿಷಪ್ಪರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಉಪ್ಪಿನ ವ್ಯಾಪಾರಿ ಬಂದ.

“ನಾಡಿದ್ದು ದೋಣಿ ಬಿಡುತ್ತೇನೆ ಸ್ವಾಮಿ. ಬೆಳ್ಳಿ ಇನ್ನೂ ಉಳಿದಿದ್ದರೆ ಬೇರೆ ಮುಖ ಒತ್ತಿಸಿ ನೋಡಿ.”

“ಯಾರ ಮುಖ?”

“ತಮ್ಮದೇ. ಅದನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳಲಿಕ್ಕಿಲ್ಲ.”

ಮಾತು ಬಿಷಪ್ಪರಿಗೆ ಚುಚ್ಚಿತು. ಆದರೆ ಕಿಟಕಿಯಿಂದ ಮೀನಿನ ನಾತ ಬರುತ್ತಿತ್ತು. ಎದ್ದು ಹೋಗಿ ಅಚ್ಚು ಕೆತ್ತುವವನ ಎದುರು ಕೂತರು. ಅವನು ಮೂಗನ್ನು ಇದ್ದುದಕ್ಕಿಂತ ದಪ್ಪ ಕೆತ್ತಿದ. ಅದನ್ನೂ ತಿದ್ದಿಸಲಿಲ್ಲ.

ಮರುದಿನ ಬೆಳಿಗ್ಗೆ ಉಳಿದ ಬೆಳ್ಳಿಯ ಹೊಸ ನಾಣ್ಯದಲ್ಲಿ ಕೂಲಿ ಹಂಚಿದರು. ಮಧ್ಯಾಹ್ನದೊಳಗೆ ನಾಣ್ಯವೆಲ್ಲ ವ್ಯಾಪಾರಿಯ ಚೀಲದಲ್ಲಿತ್ತು, ಉಪ್ಪೆಲ್ಲ ದಡದಲ್ಲಿತ್ತು. ಆ ಚಳಿಗಾಲ ಯಾರೂ ಉಪವಾಸ ಬೀಳಲಿಲ್ಲ. ವ್ಯಾಪಾರಿಯ ಕೈಯಿಂದ ನಾಣ್ಯ ಊರೂರು ತಿರುಗಿತು, ಮೀನು ಕೊಳ್ಳುವವರ ಕೈಯಲ್ಲಿ ಮತ್ತೆ ಆ ಊರಿಗೇ ಬಂತು. ಬಿಷಪ್ಪರು ಬದುಕಿದ್ದಷ್ಟು ಕಾಲ ಹಾಗೆಯೇ ನಡೆಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದು ನೋಡಿದ. “ಎಂಥ ದೊಡ್ಡ ಮನುಷ್ಯರು. ಆಮೇಲೆ ಏನಾಯಿತು, ಗುರುಗಳೇ?”

“ಅವರು ತೀರಿಕೊಂಡ ಮೇಲೆ ಊರಿನವರು ಅವರನ್ನೂ ಸಂತರೆಂದು ಪೂಜಿಸಿದರು, ಮರುವರ್ಷ ಬಂದ ಉಪ್ಪಿನ ದೋಣಿ ಉಪ್ಪನ್ನಿಳಿಸದೆ ತಿರುಗಿ ಹೋಯಿತು.”