ಗಾಳಿ ತೋರಿಸುವ ಹೊಗೆ

"ಗುರುಗಳೇ, ಮೊದಲು ಯಾವುದನ್ನು ಹೊಸದು ಮಾಡಲಿ?" ಎಂದು ಉತ್ತಯ್ಯ ಕೇಳಿದ.

ಅವನು ಪ್ಯಾರಾಚೂಟ್ ಪಡೆಯ ನಾಯಕ. ಹಳೆಯ ಪಡೆಯನ್ನು ಇಂದಿನ ಯುದ್ಧಕ್ಕೆ ತಕ್ಕಂತೆ ಸಜ್ಜುಗೊಳಿಸು ಎಂದು ಮೇಲಿನವರು ಹೇಳಿದ್ದರು. ವಿಮಾನ ಬದಲಿಸಿ ಎಂದು ಒಬ್ಬರು, ಬಂದೂಕು ಬದಲಿಸಿ ಎಂದು ಇನ್ನೊಬ್ಬರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ತಪ್ಪಿದರೆ ಸಾಯುವವರು ತನ್ನ ಹುಡುಗರು ಎಂಬ ಭಯ ಬೇರೆ. ಅವನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಗುರುಗಳು ಕತೆ ಹೇಳಿದರು.

ಒಂದು ದೇಶದಲ್ಲಿ ನಿನ್ನಂಥವನೇ ಒಬ್ಬ ನಾಯಕನಿದ್ದ. ಹಳೆಯದೆಂದರೆ ಅವನಿಗೆ ಆಗದು. ವಿಮಾನ ಬದಲಿಸಿದ, ಪ್ಯಾರಾಚೂಟ್ ಬದಲಿಸಿದ, ಬೂಟಿನ ದಾರವನ್ನೂ ಬಿಡಲಿಲ್ಲ ಪುಣ್ಯಾತ್ಮ. ಅವನ ಪಡೆಯಲ್ಲಿ ಒಂದು ರೂಢಿಯಿತ್ತು. ತಾಲೀಮಿನ ದಿನ ಒಬ್ಬ ಸಿಪಾಯಿ ಮೈದಾನದಲ್ಲಿ ನಿಂತು ಹೊಗೆ ಎಬ್ಬಿಸುತ್ತಿದ್ದ. ಅದು ಬಾಗಿದ ಕಡೆ ನೋಡಿ, ಗಾಳಿಯ ದಿಕ್ಕು ಅರಿತು, ಮೇಲಿದ್ದವರು ಜಿಗಿಯುತ್ತಿದ್ದರು. ನಾಯಕ ಅದನ್ನೂ ಸುಧಾರಿಸಿದ. ಬೂದು ಹೊಗೆ ಹೋಗಿ, ದೂರಕ್ಕೆ ಕಾಣುವ ಕೆಂಪು ಹೊಗೆ ಬಂತು. ಎಲ್ಲರೂ ಭಲೇ ಎಂದರು.

ಯುದ್ಧ ಬಂತು. ಶತ್ರು ಹಿಡಿದಿದ್ದ ಸೇತುವೆಯೊಂದನ್ನು ಮಧ್ಯಾಹ್ನದೊಳಗೆ ಕಿತ್ತುಕೊಳ್ಳಬೇಕು. ಇಲ್ಲವಾದರೆ ಈಚೆ ದಡದ ಊರು ಅವರ ಪಾಲು. ವಿಮಾನ ಸೇತುವೆಯ ಮೇಲೆ ಬಂತು. ಬಾಗಿಲಲ್ಲಿ ನಿಂತಿದ್ದ ಸಿಪಾಯಿ ಕೆಳಗೆ ನೋಡಿದ, ಆಮೇಲೆ ನಾಯಕನ ಮುಖ ನೋಡಿದ.

"ಹೊಗೆ ಕಾಣ್ತಿಲ್ಲ ಸಾಹೇಬ್ರೇ. ಜಿಗಿಯೋದೋ ಬೇಡ್ವೋ?"

ನಾಯಕನೂ ಬಗ್ಗಿ ನೋಡಿದ. ಇನ್ನೊಂದು ಸುತ್ತು ಹೊಡೆಸಿದ, ಮತ್ತೊಂದು ಸುತ್ತು ಹೊಡೆಸಿದ. ಹೊಗೆ ಯಾಕಿಲ್ಲ ಎಂದು ಆ ಗಳಿಗೆಯಲ್ಲೂ ಅವನಿಗೆ ಹೊಳೆಯಲಿಲ್ಲ. ಶತ್ರುವಿನ ನೆಲದಲ್ಲಿ ಹೊಗೆ ಎಬ್ಬಿಸಲು ಇವನ ಸೋದರಮಾವ ಕೂತಿದ್ದನೇ? ಅಷ್ಟರಲ್ಲಿ ಕೆಳಗಿನಿಂದ ಗುಂಡು ಬರತೊಡಗಿತು. ಗಾಬರಿಯಲ್ಲಿ ಜಿಗಿಯಿರಿ ಎಂದುಬಿಟ್ಟ. ಗಾಳಿ ಹೊಳೆಯ ಕಡೆಗಿತ್ತು. ಅರ್ಧ ಪಡೆ ನೀರುಪಾಲಾಯಿತು. ಸಂಜೆಗೆ ಊರೂ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಉತ್ತಯ್ಯನ ಗೊಂದಲ ಇಳಿಯಲಿಲ್ಲ, ಇನ್ನಷ್ಟು ಏರಿತು. ಎಷ್ಟು ಯೋಚಿಸಿದರೂ ಅವನಿಗೆ ತೋಚಿದ್ದು ಒಂದೇ.

"ಹಾಗಾದರೆ ಹೊಗೆಯಿಲ್ಲದೆ ಗಾಳಿ ಅಳೆಯುವ ಯಂತ್ರ ತರಿಸಲೇ, ಗುರುಗಳೇ?"

"ಯಂತ್ರ ಆಮೇಲೆ ತರಿಸಪ್ಪಾ, ಯುದ್ಧದ ದಿನ ನಿನ್ನ ಜೊತೆ ಬಾರದವರು ತಾಲೀಮಿನ ಮೈದಾನದಲ್ಲಿ ಯಾರ್ಯಾರಿದ್ದಾರೆ ನೋಡಿ, ಮೊದಲು ಅವರನ್ನು ಮನೆಗೆ ಕಳಿಸು."