ಏದುಸಿರಿನಲ್ಲಿ ಕಂಡದ್ದು

"ಬುದ್ಧಿ, ನೆರಳಿನಲ್ಲಿ ಕೂತು ಕಲಿತದ್ದು ಬಿಸಿಲಿನಲ್ಲಿ ಯಾಕೆ ಉಳಿಯುವುದಿಲ್ಲ?" ಎಂದು ಶಿಷ್ಯ ಅಡಿವೆಯ್ಯ ಕೇಳಿದ. "ಮಠದಲ್ಲಿದ್ದಾಗ ಪಾಠವೆಲ್ಲ ಬಾಯಿಗೆ ಬರುತ್ತದೆ. ಜೋಳಿಗೆ ಹಿಡಿದು ಊರೂರು ಸುತ್ತಿ, ಹಸಿದು ಬಂದರೆ ಒಂದು ಸಾಲೂ ನೆನಪಿರುವುದಿಲ್ಲ. ದೇಹ ದಣಿದಾಗ ಮನಸ್ಸನ್ನು ದುಡಿಸುವುದು ತಪ್ಪಲ್ಲವೇ?"

ಗುರು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಈ ಕತೆ ಹೇಳಿದರು.

ಒಂದು ಕೋಟೆಯಲ್ಲಿ ಒಬ್ಬ ತರುಣ ಬೇಹುಗಾರನಿದ್ದ. ಸಂತೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಸಾಕು, ಯಾರು ಯಾರ ಕಿವಿಯಲ್ಲಿ ಪಿಸುಗುಟ್ಟಿದರು, ಯಾವ ಕುದುರೆ ಕುಂಟುತ್ತಿತ್ತು ಎಂಬುದನ್ನೆಲ್ಲ ಹೇಳುತ್ತಿದ್ದ. ತನ್ನಂಥ ಕಣ್ಣು ಇನ್ನೊಬ್ಬರಿಗಿಲ್ಲ ಎಂಬ ಹೆಮ್ಮೆ ಅವನಿಗಿತ್ತು.

ಬೇಹಿನವರನ್ನು ಪಳಗಿಸುತ್ತಿದ್ದ ಮುದುಕ ಅವನ ಬೆನ್ನಿಗೆ ಮರಳಿನ ಮೂಟೆ ಕಟ್ಟಿಸಿದ. ತಾನು ಗುಡ್ಡದ ನೆತ್ತಿಯಲ್ಲಿ ಕಾದು ಕೂತ. ತರುಣ ಕೆಳಗಿನಿಂದ ಓಡುತ್ತ ಹತ್ತಿ ಬಂದು ಅವನ ಮುಂದೆ ಕುಸಿದ.

"ದಾರಿಯಲ್ಲಿ ಏನು ಕಂಡೆ?"

"ಎದೆ ಒಡೆದುಹೋಗುವ ಹಾಗಿತ್ತು ಅಜ್ಜ. ಏನೂ ಕಾಣಲಿಲ್ಲ."

"ನನ್ನ ಹೆಂಡತಿ ದಾರಿ ಬದಿಯಲ್ಲಿ ನಿಂತು, ನೀರು ಬೇಕೇನಪ್ಪ ಎಂದು ನಿನ್ನನ್ನು ಕೇಳಿದಳು. ಅವಳೂ ಕಾಣಲಿಲ್ಲವೇ?"

ತರುಣನ ಮುಖ ಸಪ್ಪಗಾಯಿತು.

ಮರುದಿನ ಅವನು ಹಲ್ಲು ಕಚ್ಚಿಕೊಂಡು ಓಡಿದ. ಉಬ್ಬಸವನ್ನು ಮರೆಯಬೇಕು, ಹೆಗಲಿನ ಉರಿಯನ್ನು ಮರೆಯಬೇಕು ಎಂದುಕೊಂಡ. ಮರೆಯುವುದರಲ್ಲೇ ಗಮನವೆಲ್ಲ ಕರಗಿತು. ಕಂಡದ್ದು ಹಿಂದಿನ ದಿನಕ್ಕಿಂತಲೂ ಕಡಿಮೆ.

"ನೋವನ್ನು ಯಾಕೆ ಅಟ್ಟುತ್ತೀಯ?" ಎಂದ ಮುದುಕ. "ಅದೂ ದಾರಿಯಲ್ಲೇ ಇದೆ. ಬೇಲಿಯನ್ನು ನೋಡುವಂತೆ ಅದನ್ನೂ ನೋಡು. ನೋಡಿ ಮುಂದಕ್ಕೆ ಹೋಗು."

ತರುಣ ಹಾಗೆಯೇ ಮಾಡತೊಡಗಿದ. ಉಸಿರು ಮೊದಲು ಸಿಕ್ಕಿಕೊಂಡ ಕಡೆ ಒಡೆದ ಮಡಕೆಯಿತ್ತು. ಹೆಗಲು ಉರಿದ ಕಡೆ ಬೇಲಿಯ ಮೇಲೆ ಹಾವಿನ ಪೊರೆ ತೂಗುತ್ತಿತ್ತು. ಒಂದೊಂದು ನೋವೂ ಒಂದೊಂದು ನೋಟವನ್ನು ಹಿಡಿದಿಟ್ಟಿತು. ಬೇಸಿಗೆ ಕಳೆಯುವಷ್ಟರಲ್ಲಿ ಅವನು ಏದುತ್ತಲೇ ಗುಡ್ಡದಲ್ಲಿ ಕಂಡದ್ದನ್ನೆಲ್ಲ ಪಾಠದಂತೆ ಒಪ್ಪಿಸುವಂತಾದ.

ಆ ವರ್ಷ ಗಡಿಯಾಚೆ ಯುದ್ಧ ಹೊತ್ತಿಕೊಂಡಿತು. ಒಂದು ಮಧ್ಯಾಹ್ನ ಬಯಲಿನ ಅಂಚಿನಲ್ಲಿ ದಟ್ಟವಾಗಿ ಧೂಳೆದ್ದಿತು. ನೋಡಿ ಬರಲು ಕೋಟೆಯ ನಾಯಕ ಈ ತರುಣನನ್ನೂ ಅವನಿಗಿಂತ ವೇಗವಾಗಿ ಓಡಬಲ್ಲ ಇನ್ನೊಬ್ಬನನ್ನೂ ಕಳುಹಿಸಿದ. ಇಬ್ಬರೂ ಓಡಿ, ಒಂದೇ ದಿಬ್ಬ ಹತ್ತಿ ನೋಡಿದರು. ಹಿಂದಿರುಗುವಾಗ ತರುಣನ ಕಾಲು ಕಲ್ಲಿನ ಸಂದಿಗೆ ಸಿಕ್ಕಿ ಉಳುಕಿತು. "ನೀನು ಓಡು, ನಾನು ಬರುತ್ತೇನೆ" ಎಂದು ಜೊತೆಯವನನ್ನು ಮುಂದೆ ಕಳುಹಿಸಿದ.

ಜೊತೆಯವನು ಕೋಟೆ ಸೇರಿ, "ದೊರೆ, ದಂಡು ಬರುತ್ತಿದೆ. ಲೆಕ್ಕವಿಲ್ಲದಷ್ಟು ಜನ. ಕೈಯಲ್ಲಿ ಆಯುಧಗಳಿವೆ" ಎಂದ. ಬಾಗಿಲು ಮುಚ್ಚಿತು. ತೋಪುಗಳಿಗೆ ಮದ್ದು ತುಂಬಿದರು.

ಧೂಳು ತೋಪಿನ ಅಳವಿಗೆ ಬರುವ ಹೊತ್ತಿಗೆ ತರುಣ ಕುಂಟುತ್ತ ಬಂದ. ಕಾವಲಿನವರು ಅವನನ್ನು ಒಳಗೆಳೆದುಕೊಂಡರು. ಅವನಿಗೆ ನಿಲ್ಲಲಾಗಲಿಲ್ಲ. ಕಣ್ಣು ಮುಚ್ಚಿ, ತಡೆತಡೆದು ಹೇಳಿದ.

"ಹೊಡೆಯಬೇಡಿ ದೊರೆ. ಕುದುರೆ ಒಂದೂ ಇಲ್ಲ. ಮುಂದಿರುವುದು ಉಳುವ ಎತ್ತುಗಳು. ಕೈಯಲ್ಲಿರುವುದು ಭರ್ಜಿಯಲ್ಲ, ಒನಕೆ. ಒಬ್ಬ ಗಂಡಸು ತಲೆಯ ಮೇಲೆ ತೊಟ್ಟಿಲು ಹೊತ್ತಿದ್ದಾನೆ. ಒಬ್ಬ ಮುದುಕಿಯ ಕಂಕುಳಲ್ಲಿ ಕೋಳಿ."

ನಾಯಕ ಜೊತೆಯವನ ಕಡೆ ತಿರುಗಿದ. ಅವನು, "ನನಗೆ ಉಸಿರು ಕಟ್ಟಿತ್ತು ದೊರೆ. ಧೂಳು, ಎತ್ತಿ ಹಿಡಿದ ಕೋಲುಗಳು, ಅಷ್ಟೇ ಕಂಡದ್ದು" ಎಂದ.

"ಈ ಸ್ಥಿತಿಯಲ್ಲಿ ಇಷ್ಟೆಲ್ಲ ನಿನಗೆ ಹೇಗೆ ನೆನಪುಳಿಯಿತು?" ಎಂದು ನಾಯಕ ತರುಣನನ್ನು ಕೇಳಿದ.

"ಕಾಲು ಊರಿದಾಗಲೆಲ್ಲ ನೋಯುತ್ತಿತ್ತು. ನೊಂದಾಗಲೆಲ್ಲ ಕಂಡದ್ದರಲ್ಲಿ ಒಂದನ್ನು ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಬಂದೆ."

ನಾಯಕ ಬಹಳ ಹೊತ್ತು ಯೋಚಿಸುವಂತಿರಲಿಲ್ಲ. ತೋಪಿನ ಬತ್ತಿ ಆರಿಸಲು ಹೇಳಿದ. ಧೂಳಿನೊಳಗಿಂದ ಮೊದಲು ಹೊರಬಂದವನು ತೊಟ್ಟಿಲು ಹೊತ್ತವನು. ಯುದ್ಧದಲ್ಲಿ ಮನೆಗಳು ಸುಟ್ಟುಹೋಗಿ, ಇದ್ದಬದ್ದದ್ದನ್ನು ಹೊತ್ತುಕೊಂಡು ಬಂದ ಜನ ಅವರು. ಬಾಗಿಲು ತೆರೆಯಿತು.

ಗುರು ಕತೆ ನಿಲ್ಲಿಸಿದರು. ಅಡಿವೆಯ್ಯ, "ಬುದ್ಧಿ, ಆ ತರುಣನ ಕಾಲು ಆಮೇಲೆ ವಾಸಿಯಾಯಿತೇ?" ಎಂದು ಕೇಳಿದ.

ಗುರು ಹೇಳಿದರು: "ಊರಿಗೆ ಊರೇ ಬಾಗಿಲಲ್ಲಿ ಬಂದು ನಿಂತಿತ್ತು ಅಡಿವೆಯ್ಯ, ನಿನಗೆ ಕಂಡದ್ದು ಒಂದು ಕಾಲಿನ ನೋವು ಮಾತ್ರ."